ಹಿಡಿಯ ಮೇಲಿನ ಆರು ಗುರುತುಗಳು

ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದವನು. ಒಪ್ಪಿದ ದಿನಕ್ಕೆ ಕೆಲಸವನ್ನು ಒಪ್ಪಿಸುವವನು. ಪರರ ವಸ್ತುವನ್ನು ತನ್ನದಕ್ಕಿಂತ ಮಿಗಿಲಾಗಿ ಕಾಯುವವನು. ಬಡವರ ಬೀಗಕ್ಕೂ ಧನಿಕರ ಗಡಿಯಾರಕ್ಕೂ ಒಂದೇ ಎಣ್ಣೆಯನ್ನು ಬಿಡುವವನು. ಭಗವಂತನನ್ನು ನೆನೆಯದೆ ಉಪಕರಣವನ್ನು ಕೈಗೆತ್ತಿಕೊಳ್ಳದವನು. ಹೆಂಡತಿಯ ಮೂದಲಿಕೆಯನ್ನು ನಗುತ್ತಲೇ ಹೊಟ್ಟೆಗೆ ಹಾಕಿಕೊಳ್ಳುವವನು. ಇಷ್ಟು ಗುಣಗಳನ್ನು ಕೈತುಂಬ ಕೊಟ್ಟ ದೇವರು ಒಂದನ್ನು ಮಾತ್ರ ತಡಮಾಡಿ ಕೊಟ್ಟನು. ಆ ತಡದಿಂದಾದ ತಪ್ಪೊಂದು ಇಂದಿಗೂ ಅವನ ಎದೆಯಿಂದ ಇಳಿದಿಲ್ಲ. ಲೋಹವನ್ನು ಉಜ್ಜುವ ಸಣ್ಣ ಅರವೊಂದನ್ನು ಸದಾ ಕಿವಿಯ ಮೇಲೆ ಸಿಕ್ಕಿಸಿಕೊಂಡಿರುತ್ತಿದ್ದನಾದ್ದರಿಂದ ಬೀದಿಯವರು ಅವನನ್ನು ಅರದಣ್ಣನೆಂದು ಕರೆಯುತ್ತಿದ್ದರು.

ಇಳಿಜಾರಿನ ಬೀದಿಯಲ್ಲಿ, ಗಾಜು ಕತ್ತರಿಸುವವನ ಅಂಗಡಿಗೂ ಚಪ್ಪಲಿ ಹೊಲಿಯುವವನ ಅಂಗಡಿಗೂ ನಡುವೆ, ಅವನ ಕೋಣೆ. ಕಿಟಕಿಯ ಕೆಳಗೆ ಮರದ ಮೇಜು. ಅದರ ಅಂಚಿಗೆ, ವಸ್ತುವನ್ನು ಅಲುಗದಂತೆ ಹಿಡಿಯುವ ಚರ್ಮದ ಹೊದಿಕೆಯ ಇಕ್ಕಳ. ಒಂದು ಬೆಳಗ್ಗೆ ಅಲ್ಲಿಗೆ ಮಗಳ ಕೈ ಹಿಡಿದುಕೊಂಡು ಹೊಲಿಗೆಯಜ್ಜಿ ಬಂದಳು. ಅರವತ್ತು ವರ್ಷ ಬಟ್ಟೆ ಹೊಲಿದು ಬದುಕಿದವಳು. ಈಗ ಕಣ್ಣು ಮಂಜಾಗಿ, ಕಾಣುವುದೆಲ್ಲ ಬೆರಳ ತುದಿಯಿಂದಲೇ. ಅವಳ ಮಡಿಲಿನ ಬಟ್ಟೆಯ ಗಂಟಿನಲ್ಲಿ ತುಕ್ಕು ತೆಗೆಸಲು ತಂದ ಒಂದು ಕೈಪಿಸ್ತೂಲು ಇತ್ತು. ನಳಿಗೆಯ ಬಾಯಿಂದ ಕರಿಮದ್ದನ್ನೂ ಗುಂಡನ್ನೂ ತುಂಬಿ ಗಜದ ಕಡ್ಡಿಯಿಂದ ಜಡಿಯುವ ಬಲು ಹಿಂದಿನ ಕಾಲದ ಜಾತಿ. ಮದ್ದಿಗೆ ಕಿಡಿ ತಾಗಿಸುವ ಕುದುರೆ ತುಕ್ಕಿನಿಂದ ಕಚ್ಚಿಕೊಂಡಿತ್ತು. ಮರದ ಹಿಡಿ ಅಂಗೈಗಳ ಜಿಡ್ಡಿನಿಂದ ಕಪ್ಪಾಗಿತ್ತು.

ಅರದಣ್ಣನಿಗೆ ಕಸುಬು ಕಲಿಸಿದ ಸೋದರಮಾವ ಇಂಥ ಕೆಲಸಕ್ಕೆ ಎರಡು ಕಟ್ಟಳೆಗಳನ್ನು ಹಾಕಿಕೊಟ್ಟಿದ್ದನು. ಮೊದಲು ನಳಿಗೆಯೊಳಕ್ಕೆ ಕಡ್ಡಿ ಇಳಿಸಿ ಅಳೆಯಬೇಕು. ಯಾರೋ ಎಂದೋ ತುಂಬಿಟ್ಟ ಮದ್ದು ಇನ್ನೂ ಒಳಗಿರಬಹುದು. ಆಮೇಲೆ ವಸ್ತುವನ್ನು ಅದರ ಒಡೆಯನ ಕೈಗೇ ಕೊಟ್ಟು, ಅವನು ಹೇಳುವುದನ್ನೆಲ್ಲ ಕೊನೆಯವರೆಗೂ ಕೇಳಬೇಕು. ಉಪಕರಣ ಮುಟ್ಟುವುದು ಅನಂತರ. ಅಂದು ಅವನು ಕಡ್ಡಿ ಇಳಿಸಿದನು, ನಳಿಗೆ ಬರಿದಾಗಿತ್ತು. ಆದರೆ ಬಾಗಿಲಲ್ಲಿ ಮೂವರು ಕಾದಿದ್ದರು.

"ಹಿಡಿ ಹತ್ರ ನೋಡಪ್ಪ, ಅಲ್ಲೊಂದು..." ಎಂದು ಅಜ್ಜಿ ನಿಧಾನವಾಗಿ ತೊಡಗಿದಳು.

"ಎಲ್ಲಾ ಗೊತ್ತಾಗುತ್ತೆ ಬಿಡಿ ಅಜ್ಜಿ. ನಲವತ್ತು ವರ್ಷದ ಕೈ ಇದು, ಇದಕ್ಕೂ ಹೇಳಿಕೊಡ್ಬೇಕಾ?"

ಬಲ್ಲವನೆಂದು ನಂಬಿ ಅಜ್ಜಿ ಸುಮ್ಮನಾದಳು.

ಮೂರು ದಿನ ಅವನು ಆ ಕೆಲಸದಲ್ಲಿ ಮುಳುಗಿಹೋದನು. ತಿರುಪುಗಳನ್ನು ಎಣ್ಣೆಯಲ್ಲಿ ನೆನೆಹಾಕಿ ಬಿಚ್ಚಿದನು. ಮುರಿದ ಸ್ಪ್ರಿಂಗಿನ ಬದಲು ಹೊಸದನ್ನು ಕಾಯಿಸಿ ಬಾಗಿಸಿದನು. ಕೆಂಪು ತುಕ್ಕನ್ನು ಉಜ್ಜಿ ಉಜ್ಜಿ ಕಬ್ಬಿಣದ ಬೂದುಬಣ್ಣವನ್ನು ಹೊರತಂದನು. ಕೊನೆಗೆ ಹಿಡಿ. ಅದರ ಮೇಲೆ ಆರು ತಗ್ಗುಗಳಿದ್ದವು: ಒಂದು ಮಗ್ಗುಲಲ್ಲಿ ನಾಲ್ಕು, ಇನ್ನೊಂದರಲ್ಲಿ ಎರಡು. ಎಲ್ಲೋ ಬಿದ್ದು ಪೆಟ್ಟಾಗಿರಬೇಕೆಂದುಕೊಂಡನು. ಒದ್ದೆ ಬಟ್ಟೆ ಹಾಸಿ, ಕಾದ ಕಬ್ಬಿಣವನ್ನು ಮೆಲ್ಲನೆ ತಾಗಿಸಿದರೆ, ಆವಿ ಒಳಹೊಕ್ಕು ಅದುಮಿದ ಮರದ ಎಳೆ ಉಬ್ಬಿ ಮೇಲೇಳುತ್ತದೆ. ಮೂರು ಸಲ ಹಾಗೆ ಮಾಡಿ, ನಯಗೊಳಿಸಿ, ಎಣ್ಣೆ ತಿಕ್ಕಿದನು. ಹಿಡಿ ಕನ್ನಡಿಯಂತಾಯಿತು. ಹೆಂಡತಿಯನ್ನು ಕರೆದು ತೋರಿಸಿ ಹಿಗ್ಗಿದನು.

ನಾಲ್ಕನೆಯ ದಿನ ಅಜ್ಜಿಯ ಮಗಳು ಬಾಗಿಲಲ್ಲಿ ನಿಂತಳು. "ಆಯ್ತಾ ಅಣ್ಣ? ಅಮ್ಮ ದಿನಾ ಪ್ರಾಣ ತಿಂತಾಳೆ. ನಮ್ಮಜ್ಜಿ ಹಲ್ಲು ಜೋಪಾನವಾಗಿದೆ ತಾನೆ?"

"ಯಾವ ಹಲ್ಲು?"

"ಅಯ್ಯೋ, ಅಮ್ಮ ಅವತ್ತು ಹೇಳ್ಲಿಲ್ವಾ?" ಎಂದು ಅವಳು ನಗುತ್ತಲೇ ಹೇಳಿದಳು. ಹೊಲಿಗೆಯಜ್ಜಿಯ ತಂದೆ ಉಗ್ರಾಣವೊಂದರ ಕಾವಲುಗಾರ. ಅಂದಿಗೇ ಕೆಲಸಕ್ಕೆ ಬಾರದ ಆ ಪಿಸ್ತೂಲು ಮಂಚದ ಪಕ್ಕದ ಹಲಗೆಯ ಮೇಲೆ ಬಿದ್ದಿರುತ್ತಿತ್ತು. ಹೊಲಿಗೆಯಜ್ಜಿ ಹುಟ್ಟುವಾಗ ತಾಯಿಗೆ ನೋವು ಮಿತಿಮೀರಿ, ನಾಲಗೆ ಕಚ್ಚಿಕೊಂಡಾಳೆಂದು ಹೆದರಿ, ಸೂಲಗಿತ್ತಿ ಕೈಗೆ ಸಿಕ್ಕ ಮರವನ್ನು ತಾಯಿಯ ಬಾಯಿಗೆ ಕೊಟ್ಟಳು. ಅದೇ ಆ ಪಿಸ್ತೂಲಿನ ಹಿಡಿ. ಮಗು ಉಳಿಯಿತು, ತಾಯಿ ಐದು ದಿನ ಬದುಕಿದಳು. ಅವಳದೊಂದು ಚಿತ್ರವಿಲ್ಲ, ಸೀರೆಯಿಲ್ಲ. ಇದ್ದುದು ಆರು ಹಲ್ಲಿನ ಗುರುತು. ಹೊಲಿಗೆಯಜ್ಜಿ ಅದನ್ನು ದಿನವೂ ಹೆಬ್ಬೆರಳಿನಿಂದ ಸವರಿಯೇ ಮಲಗುವವಳು.

ಅರದಣ್ಣನು ಮೇಜಿನ ಮೇಲಿದ್ದುದರ ಮೇಲೆ ಬಟ್ಟೆ ಎಳೆದು, "ಇನ್ನೊಂದು ವಾರ ಬೇಕಮ್ಮ" ಎಂದನು. ಮಾತಿಗೆ ತಪ್ಪದವನು ಆಡಿದ ಮೊದಲ ಸುಳ್ಳು ಅದು.

ಆ ವಾರ ಅವನಿಗೆ ಅನ್ನ ಸೇರಲಿಲ್ಲ. ಹೆತ್ತವಳ ಉಳಿದೊಂದು ಕುರುಹನ್ನು ತನ್ನ ಕೈಯಾರೆ ಅಳಿಸಿ, ಅದಕ್ಕೆ ಮೆರುಗು ಬೇರೆ ಕೊಟ್ಟೆನಲ್ಲ ಎಂಬ ಕೊರಗು. ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದುದು, ಅಜ್ಜಿಯ ಬಾಯಲ್ಲಿ ಅರ್ಧಕ್ಕೇ ನಿಂತ ಆ ಮಾತು. ಆಗ ಅವನ ಕೈಯ ಜಾಣತನವೇ ಅವನಿಗೆ ದುರ್ಬೋಧೆ ಹೇಳಿತು: ಅಳಿಸಿದವನು ಮತ್ತೆ ಮೂಡಿಸಲಾರೆಯಾ? ಅದೇ ಜಾತಿಯ ಮರದ ತುಂಡೊಂದನ್ನು ನೆನೆಸಿ, ಬಾಗಿಲು ಮುಂದೆ ಮಾಡಿ, ಕಚ್ಚಿ ನೋಡಿದನು. ಚಹಾ ತಂದ ಹೆಂಡತಿ ಬಾಗಿಲು ತಳ್ಳಿದಳು.

"ಅಷ್ಟು ಹಸಿವಿದ್ರೆ ಹೇಳ್ಬಾರದಾ? ಮನೆ ಬಾಗಿಲು ಕಿಟಕಿನಾದ್ರೂ ಉಳೀಲಿ."

ಅವನು ನಗಲಿಲ್ಲ. ಎಲ್ಲವನ್ನೂ ಹೇಳಿದನು. ಅವಳು ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಥೇಟ್ ಹಾಗೇ ಬಂದಿದೆ. ಯಾರಿಗೂ ಗೊತ್ತಾಗಲ್ಲ."

"ಅಜ್ಜಿಗೂ ಗೊತ್ತಾಗಲ್ಲ ಅಂತೀಯಾ?"

"ಗೊತ್ತಾಗದೇ ಇದ್ರೇನೇ ಕಷ್ಟ ಕಣ್ರೀ. ಆ ಮುದುಕಿ ಇನ್ನು ಮೇಲೆ ನಿಮ್ಮ ಹಲ್ಲನ್ನ ಮುಟ್ಟಿ ಅಮ್ಮ ಅನ್ಬೇಕಾ?"

ಅವನು ಮರುದಿನ ಬೆಳಗ್ಗೆ ಪಿಸ್ತೂಲನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಿಯ ಮನೆಯ ಮೆಟ್ಟಿಲು ಹತ್ತಿದನು. ಅವಳು ಮುಚ್ಚಿಟ್ಟ ಹೊಲಿಗೆಯಂತ್ರದ ಪಕ್ಕದಲ್ಲಿ ಕುಳಿತಿದ್ದಳು. ಹೆಜ್ಜೆಯ ಸದ್ದಿಗೇ ಗುರುತಿಸಿ ಎರಡೂ ಕೈ ಚಾಚಿದಳು.

"ಕೈಗೆ ಕೊಡೋ ಮೊದಲು ಒಂದು ಮಾತಿದೆ ಅಜ್ಜಿ." ನಿಂತೇ ಹೇಳಿದನು, ತಾನು ಮಾಡಲಿದ್ದ ಮೋಸವನ್ನೂ ಬಿಡದೆ ಹೇಳಿದನು.

ಚಾಚಿದ ಕೈಗಳು ಮಡಿಲಿಗಿಳಿದವು.

"ನಾನು ಹೇಳೋಕೇ ಬಂದಿದ್ದೆ."

"ಹೌದು ಅಜ್ಜಿ."

"ನೀನು ಕೇಳ್ಲಿಲ್ಲ."

"ಕೇಳ್ಲಿಲ್ಲ."

ಅವಳು ಪಿಸ್ತೂಲನ್ನು ತೆಗೆದುಕೊಂಡಳು. ನೆಲಕ್ಕೆ ಬಿದ್ದ ಸೂಜಿಯನ್ನು ಹುಡುಕುವಂತೆ ಅವಳ ಹೆಬ್ಬೆರಳು ಹಿಡಿಯ ಮೇಲೆ ಹೋಯಿತು, ಬಂದಿತು, ಮತ್ತೆ ಹೋಯಿತು. ಲೋಹ ಮರಕ್ಕೆ ಕೂಡುವ ಅಂಚಿನಲ್ಲಿ ಬೆರಳು ನಿಂತಿತು.

"ಇಲ್ಲೊಂದಿದೆ. ಮುಟ್ಟಿ ನೋಡು."

ಅವನು ಮುಟ್ಟಿದನು. ಎಳೆ ಕಡಿದ ಕಡೆ ಆವಿಗೂ ಮರ ಏಳದೆ ಉಳಿಯುವುದುಂಟೆಂದು ಅವನು ಬಲ್ಲನು. ಆದರೆ ಅವನ ಬೆರಳಿಗೆ ತಾನೇ ಮಾಡಿದ ನುಣುಪಲ್ಲದೆ ಬೇರೇನೂ ಸಿಗಲಿಲ್ಲ. ಅದು ನಿಜವಾಗಿ ಉಳಿದಿತ್ತೋ, ಅಥವಾ ಅವನ ಮುಖವನ್ನು ಕಾಣದೆಯೂ ಕಂಡ ಅವಳ ಕರುಣೆಯೋ? ಕೇಳುವ ಧೈರ್ಯವಾಗಲಿಲ್ಲ.

"ಕೂತ್ಕೋ. ಅವತ್ತು ಅರ್ಧಕ್ಕೆ ನಿಂತಿತ್ತು" ಎಂದಳು ಅಜ್ಜಿ. "ಮಧ್ಯೆ ಬಾಯಿ ಹಾಕಬೇಡ."

ಅವನು ಮಧ್ಯಾಹ್ನದವರೆಗೆ ಕೇಳಿದನು. ಸೂಲಗಿತ್ತಿ ಹೇಳಿದ್ದು, ತಂದೆ ಹೇಳದೆ ಉಳಿಸಿದ್ದು, ಹಲ್ಲುಗಳ ನಡುವಿನ ಸಂದಿಯಿಂದ ತಾಯಿಯ ನಗುವನ್ನು ತಾನು ಊಹಿಸಿಕೊಂಡದ್ದು, ಎಲ್ಲವನ್ನೂ.

ಈಗ ಅವನ ಮೇಜಿನ ಎದುರು ಒಂದು ಸ್ಟೂಲಿದೆ. ಬಾಗಿಲಲ್ಲಿ ಎಷ್ಟು ಮಂದಿ ಕಾದಿದ್ದರೂ, ಬಂದವರನ್ನು ಅದರ ಮೇಲೆ ಕೂರಿಸಿ, ವಸ್ತುವನ್ನು ಅವರ ಕೈಗೇ ಕೊಟ್ಟು, "ಹೇಳಿ" ಎನ್ನುತ್ತಾನೆ. ಇಕ್ಕಳದ ಮೇಲಿನ ಗೋಡೆಗೆ, ಅಂದು ತಾನು ಕಚ್ಚಿದ ಮರದ ತುಂಡನ್ನು ಮೊಳೆ ಹೊಡೆದು ನಿಲ್ಲಿಸಿದ್ದಾನೆ. ಅದೇನೆಂದು ಕೇಳಿದವರಿಗೆ ಅವನ ಹೆಂಡತಿ, "ನಮ್ಮೆಜಮಾನರ ತಿಂಡಿ" ಎನ್ನುತ್ತಾಳೆ. ಅವನು ತಲೆ ತಗ್ಗಿಸುತ್ತಾನೆ.

ತಗ್ಗಿದ ಆ ತಲೆಯನ್ನು ಭಗವಂತನು ಕಾಯಲಿ. ಅವನ ಕೈಗೆ ನಡುಕವೂ ಕಿವಿಗೆ ಮಂದವೂ ಬಾರದಿರಲಿ. ದಿಟವನ್ನು ನಗೆಯಲ್ಲಿ ಅದ್ದಿ ಕೊಡುವ ಆ ಗೃಹಿಣಿ ಅವನೊಡನೆ ನೂರು ಕಾಲ ಬಾಳಲಿ. ಅವರ ಮನೆಯಲ್ಲಿ ಆಡಲು ತೊಡಗಿದ ಯಾವ ಮಾತೂ ಅರ್ಧಕ್ಕೆ ನಿಲ್ಲದಿರಲಿ.