ಅಂಗಳಕ್ಕೆ ಬಂದ ಒಲೆ

ಮಾನ್ವಿಯಲ್ಲಿ ಅಯ್ಯಮ್ಮನ ಜೋಳದ ರೊಟ್ಟಿಗೆ ಕೊಂಕು ತೆಗೆದವರೇ ಇಲ್ಲ. ಖಾನಾವಳಿಯವರು ಮನೆಗೇ ಬಂದು ಒಯ್ಯುತ್ತಾರೆ. ಅಂಥದ್ದರಲ್ಲಿ ಹೊಸ ಸೊಸೆ ನಾಗವೇಣಿ, ಹಂಚಿನ ಮೇಲೆ ರೊಟ್ಟಿ ಬಿದ್ದೊಡನೆ ಮೂಗಿಗೆ ಸೆರಗು ಒತ್ತಿಕೊಂಡು ಹೊರಗೆ ಓಡತೊಡಗಿದಾಗ ಅಯ್ಯಮ್ಮನಿಗೆ ಮೈಯೆಲ್ಲ ಉರಿಯಿತು. ದೇವದುರ್ಗದ ತವರಿನವರು ಇವಳನ್ನು ಬರೀ ಅನ್ನದಲ್ಲೇ ಬೆಳೆಸಿರಬೇಕು ಎಂದುಕೊಂಡು ಮಾತೇ ಬಿಟ್ಟಳು.

ಆಸ್ಪತ್ರೆಗೆ ಹೋಗಿ ಬಂದ ನಾಗವೇಣಿ ಮೆಲ್ಲಗೆ ಹೇಳಿದಳು: “ಅತ್ತೀ, ನಾ ಬಸರಾಗೀನ್ರಿ. ಮೊದಲ ವಾರಗಳಾಗ ವಾಸನಿ ತಡಿಯಂಗಿಲ್ಲಂತ, ವಾಂತಿ, ಸುಸ್ತು ಇರತಾವಂತ. ಹೆದರಬ್ಯಾಡ, ಸ್ವಲ್ಪ ಸ್ವಲ್ಪ ಉಣ್ಣು ಅಂದ್ರು ನರ್ಸಮ್ಮ.”

ಅಯ್ಯಮ್ಮ ಸೊಸೆಯ ತಲೆ ಸವರಿದಳು. “ಮೂರು ತಿಂಗಳು ತುಂಬೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಬೇ, ದೃಷ್ಟಿ ಆಗತದ.”

ಮರುದಿನ ಒಲೆಯನ್ನು ಅಂಗಳದ ತುದಿಗೆ ಒಯ್ದಳು.

“ಇದೇನ್ ಅಯ್ಯಮ್ಮಕ್ಕಾ, ಬಿಸಲಾಗ ಕುಂತು ರೊಟ್ಟಿ ಬಡಿಯಾಕತ್ತಿ?” ಪಕ್ಕದ ಮನೆಯ ಅಮರಮ್ಮ ಕೇಳಿದಳು.

ತುಟಿ ಬಿಗಿಹಿಡಿದು ಅಯ್ಯಮ್ಮ ಒಂದು ರೊಟ್ಟಿ ಬಡಿದಳು. ಎರಡನೆಯದಕ್ಕೆ ತಡೆಯಲಾಗಲಿಲ್ಲ. ಓಣಿಗೆಲ್ಲ ಕೇಳುವಂತೆ ಅಂದಳು:

“ಊರೆಲ್ಲಾ ಹೊಗಳೋ ರೊಟ್ಟಿ ನನ್ನ ಮೊಮ್ಮಗಳಿಗೆ ಸೇರಂಗಿಲ್ಲ! ಹೊಟ್ಟ್ಯಾಗ ಇದ್ದಾಗನ ನನ್ನನ್ನ ಮನಿ ಹೊರಗ ಹಾಕ್ಯಾಳ ನೋಡು!”