ಹೋದದ್ದು ಬರೀ ಕ್ಯಾಪ್ಷನ್ನಂತೆ!

ಗೋದಾವರಿಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಳಗದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಸಲ ಅವರು ಸಿಟ್ಟಾಗದೆ ಇದ್ದಿದ್ದರೆ ಅದೇ ತಪ್ಪಾಗುತ್ತಿತ್ತು.

ಧಾರವಾಡದ ಗೋದಾವರಿಯವರು ಗಂಡನೊಡನೆ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿಗೆ ಬಂದು ನೆಲೆಸಿ ಬಹಳ ವರ್ಷಗಳಾದವು. ಪತಿ ಪ್ರಹ್ಲಾದ್ ಅವರು ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನವರು ಸೇರಿ ಕಟ್ಟಿದ ಕನ್ನಡ ಬಳಗದ ಫೋಟೋಗ್ರಾಫರ್ ಆಗಿದ್ದರು. ಫೋಟೋ ತೆಗೆಯುವುದಕ್ಕಿಂತ ಅದರ ಕೆಳಗೊಂದು ಚೇಷ್ಟೆಯ ಸಾಲು ಬರೆಯುವುದೇ ಅವರಿಗೆ ಹೆಚ್ಚು ಇಷ್ಟ. ಬರೆಯುತ್ತಿದ್ದದ್ದು ನೇರ ವೆಬ್‌ಸೈಟಿನ ಗ್ಯಾಲರಿಯಲ್ಲೇ, ಬೇರೆಲ್ಲೂ ಅಲ್ಲ. ಹೋದ ವರ್ಷ ಅವರು ತೀರಿಕೊಂಡ ಮೇಲೆ ಗ್ಯಾಲರಿಯ ಕೆಲಸ ಗೋದಾವರಿಯವರ ತಲೆಗೆ ಬಂತು. ಅವರು ಕಲಿತಿದ್ದು ಫೋಟೋ ಏರಿಸುವುದೊಂದನ್ನೇ.

ಒಂದು ದಿನ ಪರದೆಯ ಮೇಲೆ ಹಳದಿ ಪಟ್ಟಿಯೊಂದು ಕಾಣಿಸಿಕೊಂಡಿತು: ಈ ಸಾಫ್ಟ್‌ವೇರ್ ಹಳೆಯದಾಗಿದೆ, ಅಪ್‌ಗ್ರೇಡ್ ಮಾಡಿ. ಗೋದಾವರಿಯವರು ಹೆದರಿದರು. ಪ್ರಹ್ಲಾದರು ಬರೆದದ್ದು ಉಳಿಯುತ್ತದೆಯೋ ಇಲ್ಲವೋ? ಇಂಟರ್‌ನೆಟ್ಟಿನ ಸಹಾಯದ ಪುಟದಲ್ಲಿ ಕೇಳಿದರೆ, ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿದ್ದೇವೆ, ಹುಡುಕಿಕೊಳ್ಳಿ ಎಂದು ಯಾರೋ ಗದರಿಸಿದರು. ಗೊತ್ತಿಲ್ಲದೆ ತಾನೇ ಮನುಷ್ಯ ಕೇಳುವುದು! ಕೊನೆಗೆ ಬಳಗದ ಕಾರ್ಯದರ್ಶಿ ರಘುನಂದನನಿಗೆ ಫೋನ್ ಮಾಡಿದರು. ಮೈಸೂರಿನ ಹುಡುಗ, ಡಲ್ಲಸ್ ಕಡೆಯ ಲಾಸ್ ಕೊಲಿನಾಸ್‌ನಲ್ಲಿ ಐಟಿ ಕೆಲಸ.

"ಅಯ್ಯೋ, ಒಂದು ಕ್ಲಿಕ್ ಆಂಟಿ, ಅಷ್ಟೇ."

"ತಮ್ಮಾ, ನಮ್ಮವರು ಬರದದ್ದು ಹೋದ್ರ ಏನ್ ಮಾಡೋದು? ಯುಗಾದಿ ತನಕ ತಡಿ. ನಾ ಒಂದೊಂದs ನೋಡಿ ಬರಕೋತೇನಿ."

"ಬ್ಯಾಕಪ್ ಅದೇ ತಗೊಳ್ಳತ್ತೆ ಆಂಟಿ. ಟೆನ್ಷನ್ ಬೇಡ."

ಯುಗಾದಿ ತನಕ ಕಾಯಲಿಲ್ಲ, ಆ ಭಾನುವಾರವೇ ಯಾರನ್ನೂ ಕೇಳದೆ ಕ್ಲಿಕ್ ಮಾಡಿಬಿಟ್ಟ. ಗೋದಾವರಿಯವರು ಗ್ಯಾಲರಿ ತೆರೆದು ನೋಡಿದರೆ ಫೋಟೋಗಳೆಲ್ಲ ಇದ್ದವು, ಕೆಳಗಿನ ಸಾಲುಗಳು ಮಾತ್ರ ಒಂದೂ ಇಲ್ಲ. ಬ್ಯಾಕಪ್ಪಿನಲ್ಲೂ ಇದ್ದದ್ದು ಬರಿಯ ಫೋಟೋ.

"ಫೋಟೋ ಎಲ್ಲಾ ಸೇಫ್ ಆಂಟಿ. ಬರೀ ಕ್ಯಾಪ್ಷನ್ ಹೋಗಿದೆ."

ಬರೀ! ಆ ಮಾತಿಗೆ ಅವರ ಮೈಯೆಲ್ಲ ಉರಿದುಹೋಯಿತು. ಫೋಟೋ ಯಾರು ಬೇಕಾದರೂ ತೆಗೆದಾರು. ಆ ಸಾಲುಗಳಲ್ಲಿ ಇದ್ದದ್ದು ಪ್ರಹ್ಲಾದರ ಮಾತು, ಅದನ್ನು ಓದುವಾಗ ಅವರ ದನಿ ಕೇಳುತ್ತಿತ್ತು. ತಿಳಿಯದವರು ಹೆದರಿದರೆ ನಗುವ ಈ ತಿಳಿದವರಿಗೆ ಅಷ್ಟೂ ತಿಳಿಯಲಿಲ್ಲವಲ್ಲ!

ಯುಗಾದಿ ಊಟಕ್ಕೆ ಪೇರ್‌ಲ್ಯಾಂಡಿನ ಹಾಲ್‌ನಲ್ಲಿ ಮೂರೂ ಊರಿನವರು ಸೇರಿದ್ದರು. ಬೇವು ಬೆಲ್ಲ ಹಂಚಿ ಮುಗಿಯುತ್ತಲೇ ಗೋದಾವರಿಯವರು ರಘುನಂದನನ ಮುಂದೆ ಅವನದೇ ಲ್ಯಾಪ್‌ಟಾಪ್ ಕುಕ್ಕಿದರು.

"ಕೂಡು. ನೀ ಕಳದದ್ದು ನೀನs ಬರಿ. ಅಲ್ಲೀತನಕ ನಿನಗ ಎಲಿ ಹಾಕೋದಿಲ್ಲ."

ಅವನು ತಬ್ಬಿಬ್ಬಾದ. "ಏನಂತ ಬರೀಲಿ ಆಂಟಿ? ನಂಗೆ ನೆನಪಿಲ್ಲ."

"ನನ್ನ ಫೋಟೋದ್ದು ನಂಗೆ ನೆನಪಿದೆ," ಎಂದರು ಪಕ್ಕದಲ್ಲಿ ಬಡಿಸುತ್ತಿದ್ದ ವಿಜಯಾ. "ಖಾಲಿ ಪಾತ್ರೆ ಹಿಡ್ಕೊಂಡು ನಿಂತಿದ್ದೆ. 'ಕೋಸಂಬರಿ ಮುಗದದ, ಇವರ ನಗಿ ಇನ್ನೂ ಉಳದದ' ಅಂತ ಬರ್ದಿದ್ರು."

ಆಸ್ಟಿನ್ನಿನ ಕಾರ್ತಿಕೇಯ ಎದ್ದು ನಿಂತ. ಅವನ ಫೋಟೋ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋದದ್ದು. "'ಅಧ್ಯಕ್ಷರ ಭಾಷಣ ಭಾಳ ಛಲೋ ಆತು, ಇವರs ಸಾಕ್ಷಿ.' ನಮ್ಮನೇಲಿ ಇವತ್ತಿಗೂ ಅದನ್ನೇ ಹೇಳಿ ರೇಗಿಸ್ತಾರೆ."

ಒಬ್ಬೊಬ್ಬರಾಗಿ ಸುತ್ತ ನೆರೆದರು. ಗ್ಯಾಲರಿಯೆಲ್ಲ ತುಂಬುವಷ್ಟು ಸಿಗಲಿಲ್ಲ, ಎಷ್ಟೋ ಸಾಲು ಹೋದದ್ದು ಹೋದದ್ದೇ. ಆದರೆ ತನ್ನ ಕಾಲೆಳೆದದ್ದನ್ನು ಮರೆತವರು ಅಲ್ಲಿ ಯಾರೂ ಇರಲಿಲ್ಲ. ಹಸಿದ ಹೊಟ್ಟೆಯಲ್ಲಿ ರಘುನಂದನ ಬೆವರುತ್ತ ಬರೆದ. ಗೋದಾವರಿಯವರ ಸಿಟ್ಟು ಮಾತ್ರ ಇಳಿಯಲಿಲ್ಲ.

ಕಡೆಗೊಂದು ಫೋಟೋ ಬಂತು. ಕ್ಯಾಮೆರಾ ಬಿಟ್ಟು ಊಟಕ್ಕೆ ಬರಲೊಲ್ಲದ ಗಂಡನ ಕಡೆ ಸೌಟು ತೋರಿಸಿ ಬೈಯುತ್ತಿರುವ ಗೋದಾವರಿ.

"ಇದಕ್ಕೇನಿತ್ತು ಆಂಟಿ?" ಅವನ ದನಿ ತಗ್ಗಿತ್ತು.

ಗೋದಾವರಿಯವರು ಅವನನ್ನು ಸರಿಸಿ ಕೂತು, ಒಂದೊಂದೇ ಅಕ್ಷರ ಹುಡುಕಿ ತಾವೇ ಒತ್ತಿದರು:

'ಇವರು ಬೈಲಿಲ್ಲಂದ್ರ ನನಗ ಊಟ ರುಚಿ ಹತ್ತೂದಿಲ್ಲ.'