ಒದ್ದೆ ಬಟ್ಟೆಯ ಗಂಟು

ಬೆಂಗೇರಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಯೋಗದ ಮಾಸ್ತರರು ಚೀನಾದಲ್ಲಿ ಕಲಿಸಿ ಬಂದವರು. ಕಸರತ್ತಿನಿಂದ ಕಲ್ಲಾದ ಮೈ. ಮಾಂಸ ಮಾತ್ರ ಮುಟ್ಟಿದವರಲ್ಲ. ದಿನಾ ಸಂಜೆ ನೆನೆದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಿಟಕಿಗೆ ತೂಗುಹಾಕುತ್ತಿದ್ದರು. “ಪ್ರೋಟೀನಿಗೆ ಇಷ್ಟ ಸಾಕ್ರಿ,” ಎನ್ನುತ್ತಿದ್ದರು. ಆಮೇಲೆ ಎದುರಿನ ಅರ್ಧ ಕಟ್ಟಿದ ಮನೆಯ ಕಡೆ ಒಮ್ಮೆ ನೋಡುತ್ತಿದ್ದರು.

ಅಲ್ಲೇನು ನೋಡ್ತೀರಿ ಎಂದು ಒಂದು ದಿನ ಕೇಳಿದೆ.

“ಚೀನಾದಾಗ ಹೋಟೆಲಿನ ತೋಫು, ಅಂದ್ರ ಸೋಯಾ ಪನೀರಿನ್ಯಾಗೂ ಮಾಂಸದ ಸಾರು ಇರತಿತ್ರಿ. ಅದಕ್ಕ ರೂಮಿನ್ಯಾಗ ಕಾಳು ಕಟ್ಟಾಕ ಶುರು ಮಾಡಿದ್ನಿ. ಮರುದಿನ ಎದುರಿನ ಕಟ್ಟಡದ ಕಿಟಕ್ಯಾಗೂ ಇಂಥಾದ್ದೇ ಗಂಟು ತೂಗಾಕತ್ತಿತ್ತು. ನಮ್ಮ ಕಡೇವರು ಯಾರೋ ಇರಬೇಕಂತ ಖುಷಿಲೆ ಓಡಿ ಹೋದ್ನಿ. ಕಾವಲಿನವ ಬೀಗ ತೋರಿಸಿದ. ಆ ಕಟ್ಟಡದಾಗ ಯಾರೂ ಇರಲಿಲ್ರಿ.”

“ಆಮ್ಯಾಲೆ?”

“ಊರಿಗೆ ಬಂದ್ನಿ. ಇಲ್ಲಿ ಇನ್ನೂ ಕಂಡಿಲ್ರಿ.” ನಗಲಿಲ್ಲ. ಗಂಟನ್ನು ಇನ್ನೊಮ್ಮೆ ಬಿಗಿದರು.

ಹೋದ ವಾರ ಅವರು ಹೇಳದೆ ಕೇಳದೆ ಖೋಲಿ ಬಿಟ್ಟು ಹೋದರು. ಗಂಟು ಕಿಟಕಿಯಲ್ಲೇ ಉಳಿದಿತ್ತು. ಬೆರಳುದ್ದದ ಮೊಳಕೆಗಳು ಬಟ್ಟೆ ತೂರಿ ಹೊರಬಂದಿದ್ದವು. ಅದನ್ನು ಬಿಚ್ಚಲು ಕೈ ಚಾಚಿದಾಗ ಎದುರಿನ ಮನೆ ಕಣ್ಣಿಗೆ ಬಿತ್ತು. ಅದರ ಮಹಡಿಯ ಬಾಗಿಲಿಲ್ಲದ ಕಿಟಕಿಯಲ್ಲಿ ಬಿಳಿ ಗಂಟೊಂದು ತೂಗುತ್ತಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

“ಯಾರೋ ಇರಾಕ ಬಂದಿರಬೇಕು ತಗೋರಿ,” ಎಂದಳು ಹೆಂಡತಿ.

ಆ ಮಹಡಿಗೆ ಇನ್ನೂ ಮೆಟ್ಟಿಲು ಕಟ್ಟಿಲ್ಲ.